ಊಟದ ಕೋಣೆಯ ಸಂದಿಯಕ್ಕ

ಅವಳಿಗೆ ಸಂದಿಯಕ್ಕ ಅಂತ ಹೆಸರಿಟ್ಟವನು ನಮ್ಮ ಅಡುಗೆಯವನು. ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ, ಅವಳು ಊಟದ ಕೋಣೆ ನೋಡಿಕೊಳ್ಳುತ್ತಿದ್ದಳು. ನಮ್ಮಿಬ್ಬರ ನಡುವೆ ಇದ್ದದ್ದು ತಟ್ಟೆ ದಾಟಿಸುವ ಒಂದು ಚಿಕ್ಕ ಕಿಟಕಿ. ಅದರ ಈಚೆ ನಿಂತು ಇಪ್ಪತ್ತಾರು ವರ್ಷ ಅವಳ ಗೊಣಗಾಟ ಕೇಳಿಸಿಕೊಂಡಿದ್ದೇನೆ. ಕೈ ನೀರಿನಲ್ಲಿದ್ದಾಗ ಕಿವಿಗೆ ಬೇರೆ ಏನು ಕೆಲಸ?

ಎಲ್ಲರ ಕಣ್ಣಿಗೂ ಬೀಳುವ ಜಾಗ ಗುಡಿಸಿ ಒರೆಸಿದರೆ ಅದನ್ನು ಅವಳು ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕುರ್ಚಿಯ ಬೆನ್ನಿನ ಪಟ್ಟಿಗಳ ನಡುವೆ ಹಳೇ ಹಲ್ಲುಜ್ಜುವ ಬ್ರಷ್ಷು ಆಡಿಸಬೇಕು. ಬಾಗಿಲ ಚೌಕಟ್ಟಿನ ನೆತ್ತಿ, ಸ್ವಿಚ್ಚಿನ ಸುತ್ತ ಕಪ್ಪಗಾದ ಗೋಡೆ, ಗಾಜಿನ ಬೀರುವಿನ ಬೆನ್ನು, ಕುರ್ಚಿ ಕಾಲಿನ ತಳಕ್ಕೆ ಸುತ್ತಿಕೊಂಡ ಕೂದಲು, ಒಂದು ಸಂದಿಯನ್ನೂ ಬಿಡಬಾರದು. ಹದಿನಾರು ಜನ ಕೂರುವ ಉದ್ದನೆ ಮೇಜಿನ ಕೆಳಗೆ ಅಂಗಾತ ಮಲಗಿ, ಅಂಚಿನ ಅಡಿಯ ಜಿಡ್ಡನ್ನು ಬಿಸಿನೀರಿನ ಬಟ್ಟೆಯಲ್ಲಿ ತಿಕ್ಕುವಳು. ಎದ್ದು ಬಂದು ನನಗೆ ಹೇಳುವಳು: "ದೊಡ್ಡ ದೊಡ್ಡ ಸಾಹೇಬರು ಕೈ ಎಲ್ಲಿ ಒರೆಸ್ತಾರೆ ಅಂತ ನನ್ನ ಕೇಳು, ಹೇಳ್ತೀನಿ. ನ್ಯಾಪ್ಕಿನ್ ಮಡಚಿದ್ದು ಮಡಚಿದ ಹಾಗೇ ಇರುತ್ತೆ!"

ಆ ಕೋಣೆಯ ಬೀಗದ ಕೈ ಒಂದು ನೀಲಿ ದಾರದಲ್ಲಿ ಅವಳ ಕೊರಳಲ್ಲಿ ಇರುತ್ತಿತ್ತು. ಗಂಡ ತೀರಿಹೋಗಿ ತುಂಬಾ ವರ್ಷ ಆಗಿತ್ತು. ಮಗನ ಮನೆಯಲ್ಲಿ ಸೊಸೆಯದೇ ದರ್ಬಾರು. ಇವಳ ಪೆಟ್ಟಿಗೆಯಲ್ಲಿ ಮೊಮ್ಮಕ್ಕಳ ಪುಸ್ತಕ, ಇವಳು ಮಲಗುವ ಮೂಲೆಯಲ್ಲಿ ಇಸ್ತ್ರಿ ಹಾಕುವ ಬಟ್ಟೆ. "ನಂದು ಅಂತ ಬಾಗಿಲು ಹಾಕ್ಕೊಳ್ಳೋಕೆ ಇರೋದು ಇದೊಂದೇ ಕೋಣೆ ಕಣೇ" ಅಂತ ನಗುತ್ತಲೇ ಹೇಳುತ್ತಿದ್ದಳು. ಅದು ನಗುವ ಮಾತಲ್ಲ ಅಂತ ನನಗೆ ಗೊತ್ತಿತ್ತು.

ಹಾಗಿರುವಾಗ ಇನ್ನೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡರು. ಮೂವತ್ತರ ಆಸುಪಾಸು, ಮೊದಲು ಆಸ್ಪತ್ರೆಯಲ್ಲಿ ವಾರ್ಡು ಒರೆಸುತ್ತಿದ್ದವಳು. ನಾವೆಲ್ಲ ಹೊಸಬಳು ಅಂತಲೇ ಕರೆದೆವು. ಚುರುಕಾದ ಹೆಣ್ಣು, ಬಾಯಿ ತುಂಬಾ ನಗು. ತಿಂಗಳೊಳಗೆ ಉಳಿದುಕೊಳ್ಳುವವರು "ಎಲ್ಲಿ, ಆ ನಗೋ ಹುಡುಗಿ?" ಅಂತ ಕೇಳತೊಡಗಿದರು. ಅಡುಗೆಯವನು ಅವಳ ಚಹಾಕ್ಕೆ ಕೇಳದೆಯೇ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದ. ಸಂದಿಯಕ್ಕನ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು.

"ಇಷ್ಟು ವರ್ಷದಲ್ಲಿ ನನಗೆ ಯಾವತ್ತಾದ್ರೂ ಹಾಕಿದ್ಯೇನೋ ಇನ್ನೊಂದು ಚಮಚ?" ಅಂತ ಅವನನ್ನು ತರಾಟೆಗೆ ತೆಗೆದುಕೊಂಡಳು.

"ನಿನಗೆ ಸಕ್ಕರೆ ಕಾಯಿಲೆ ಅಲ್ವೇನಕ್ಕಾ!"

"ಇದ್ರೆ ಏನೀಗ? ಕೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?"

ವರ್ಷಕ್ಕೆರಡು ಸಲ ಯಾರೂ ಉಳಿದುಕೊಳ್ಳದ ಎರಡು ದಿನ ನೋಡಿ ಆ ಕೋಣೆಯನ್ನು ಬುಡದಿಂದ ತೊಳೆಯುವುದು ವಾಡಿಕೆ. ಆ ಸಲ ಮ್ಯಾನೇಜರಮ್ಮ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದರು: "ಕಿಟಕಿ ಕಡೆಯ ಅರ್ಧ ನೀವು ಮಾಡಿ ಅಮ್ಮ. ಬೀರು ಕಡೆಯ ಅರ್ಧ ಇವಳು ಮಾಡ್ಲಿ. ನಾಳೆ ಸಂಜೆ ಬಂದು ನೋಡ್ತೀನಿ. ಇನ್ಮೇಲೆ ಈ ಕೋಣೆ ಒಬ್ಬರದೇ ಜವಾಬ್ದಾರಿ. ಚೆನ್ನಾಗಿ ಮಾಡಿದೋರ ಹತ್ರ ಬೀಗದ ಕೈ."

ಸಂದಿಯಕ್ಕನ ಕೈ ತಾನಾಗಿ ಕೊರಳಿಗೆ ಹೋಯಿತು.

ಮೊದಲ ದಿನ ಅವಳು ಒಂದು ಕಣ್ಣು ತನ್ನ ಕೆಲಸದ ಮೇಲೆ, ಇನ್ನೊಂದು ಕಣ್ಣು ಆಚೆ ಅರ್ಧದ ಮೇಲೆ ಇಟ್ಟು ದುಡಿದಳು. ಹೊಸಬಳು ಚಹಾಕ್ಕೆ ಹೋದದ್ದೇ ತಡ, ಅಲ್ಲಿಗೆ ನುಗ್ಗಿ ಎಲ್ಲೆಲ್ಲೋ ಬೆರಳು ಆಡಿಸಿ ನೋಡಿದಳು. ಬಾಗಿಲ ನೆತ್ತಿ, ಬೀರುವಿನ ಬೆನ್ನು, ಕುರ್ಚಿಯ ತಳ. ನನ್ನ ಕಿಟಕಿಗೆ ಬಂದಾಗ ಅಳು ಮುಖ.

"ಒಂದು ಕೂದಲಾದ್ರೂ ಸಿಗಬಾರದೇನೇ! ಕಪ್ಪಗಾಗಲಿ ಅಂತ ಬೆರಳು ಒತ್ತಿ ಒತ್ತಿ ಎಳೆದೆ."

"ಚೆನ್ನಾಗಿ ಮಾಡಿದಾಳೆ ಅಂತ ಆಯ್ತು," ಅಂದೆ.

"ನೀನೂ ಅವಳ ಕಡೇನೇ ಹೋಗು!"

ಮಾರನೆ ದಿನ ಮಧ್ಯಾಹ್ನ ಅದೇ ಮುಖ ಅರಳಿತ್ತು. ನನ್ನ ಕಿಟಕಿಯಿಂದ ಕುತ್ತಿಗೆ ತೂರಿಸಿ ಪಿಸುಗುಟ್ಟಿದಳು: "ನೋಡು, ನೋಡು. ಕೂತಿದಾಳೆ!"

ನಿಜ. ಹೊಸಬಳು ತನ್ನ ಕಡೆಯ ಎಂಟು ಕುರ್ಚಿಯಲ್ಲೂ ಒಂದೊಂದಾಗಿ ಕೂರುತ್ತಿದ್ದಳು. ಮೇಜಿನ ಮೇಲೆ ಎರಡೂ ಕೈ ಇಟ್ಟು, ತಲೆ ಎತ್ತಿ ಮೇಲೆ ನೋಡಿ, ಎಡಕ್ಕೆ ಬಲಕ್ಕೆ ನೋಡಿ, ಎದ್ದು ಏನನ್ನೋ ಒರೆಸಿ ಮುಂದಿನ ಕುರ್ಚಿಗೆ ಹೋಗುತ್ತಿದ್ದಳು. ನಮ್ಮಂಥ ಕೆಲಸದವರು ಆ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಸಂದಿಯಕ್ಕ ಆ ಹದಿನಾರನ್ನೂ ಸಾವಿರಾರು ಸಲ ತಿಕ್ಕಿದ್ದಾಳೆ, ಒಂದು ಸಲವೂ ಕೂತವಳಲ್ಲ. ಕಾಲು ಊದಿಕೊಂಡ ದಿನವೂ ಹಿಂದಿನ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದಳು.

"ಯಾಕೆ ಅಂತ ಅವಳನ್ನೇ ಕೇಳೇ," ಅಂದೆ.

"ನಾನ್ಯಾಕೆ ಕೇಳ್ಲಿ? ಕೇಳೋರು ಸಂಜೆ ಬರ್ತಾರೆ."

ಸಂಜೆ ಮ್ಯಾನೇಜರಮ್ಮ ಹೊಸ್ತಿಲು ದಾಟುವ ಮೊದಲೇ ಚಾಡಿ ಹೇಳಿ ಮುಗಿಸಿದಳು. "ಮೇಡಂ, ಸಾಹೇಬರ ಕುರ್ಚಿಯಲ್ಲಿ ರಾಣಿ ಹಾಗೆ ಕೂತಿದ್ಲು. ಒಂದರಲ್ಲಲ್ಲ, ಎಂಟರಲ್ಲೂ!"

ಹೊಸಬಳ ನಗು ಮಾಯವಾಯಿತು. "ಹೌದು ಮೇಡಂ, ಕೂತಿದ್ದೆ. ಆಸ್ಪತ್ರೆಯಲ್ಲಿ ದೊಡ್ಡ ನರ್ಸಮ್ಮ ನನ್ನನ್ನ ಖಾಲಿ ಮಂಚದ ಮೇಲೆ ಮಲಗಿಸಿ ತೋರಿಸಿದ್ರು. ಕಾಯಿಲೆಯೋರಿಗೆ ಕಾಣೋದು ಮೇಲ್ಛಾವಣಿ, ನೀನು ಬರೀ ನೆಲ ಒರೆಸ್ತೀಯ ಅಂದ್ರು. ಅವತ್ತಿಂದ ಇದೇ ಅಭ್ಯಾಸ. ಊಟಕ್ಕೆ ಕೂತೋರಿಗೆ ಏನು ಕಾಣುತ್ತೆ ಅಂತ ನೋಡಿದೆ."

ಮ್ಯಾನೇಜರಮ್ಮ ಬೀರು ಕಡೆಯ ಕುರ್ಚಿಯಲ್ಲಿ ಕೂತು ಸುತ್ತ ನೋಡಿದರು. ಆಮೇಲೆ ಕಿಟಕಿ ಕಡೆ ಬಂದು ಕೂತರು. ತಲೆ ಎತ್ತಿದವರು ಎತ್ತಿದ ಹಾಗೇ ಉಳಿದರು.

"ಇದೇನಮ್ಮಾ?"

"ಯಾವುದು ಮೇಡಂ? ನನಗೇನೂ ಕಾಣ್ತಿಲ್ವಲ್ಲ."

"ನಿಂತ್ರೆ ಕಾಣಲ್ಲ. ಇಲ್ಲಿ ಕೂತ್ಕೊಂಡು ನೋಡಿ."

ಸಂದಿಯಕ್ಕ ಮುಳ್ಳಿನ ಮೇಲೆ ಕೂತ ಹಾಗೆ ಕುರ್ಚಿಯ ತುದಿಯಲ್ಲಿ ಕೂತಳು. ಮೇಜಿನ ಮೇಲೆ ತಗ್ಗಾಗಿ ಇಳಿಬಿಟ್ಟ ಹಿತ್ತಾಳೆ ದೀಪಗಳಿದ್ದವು, ಆ ಕಡೆ ಎರಡು, ಈ ಕಡೆ ಎರಡು. ಅವುಗಳ ಬೆನ್ನನ್ನು ವಾರಕ್ಕೊಮ್ಮೆ ಸ್ಟೂಲು ಹತ್ತಿ ಥಳಥಳ ಮಾಡುತ್ತಿದ್ದವಳು ಇವಳೇ. ಆದರೆ ದೀಪದ ಒಳಗೆ ಮಡಚಿದ ಅಂಚಿನಲ್ಲಿ, ಉಣ್ಣುವವರ ತಟ್ಟೆಗೆ ನೇರ ಮೇಲೆ, ಜಿಡ್ಡು ಹತ್ತಿದ ಕರೀ ಧೂಳು. ಅದಕ್ಕೆ ಅಂಟಿಕೊಂಡು ಒಣಗಿದ ಹುಳುಗಳ ಸಾಲು. ಒಂದು ವರ್ಷದ್ದಲ್ಲ. ಬೀರು ಕಡೆಯ ಎರಡು ದೀಪಗಳ ಹೊಟ್ಟೆ ತೊಳೆದ ಲೋಟದ ಹಾಗಿತ್ತು.

ಕೈಲಿದ್ದ ತಟ್ಟೆಯನ್ನು ನಾನು ಸದ್ದಾಗದಂತೆ ನೀರಿಗೆ ಬಿಟ್ಟೆ. ಆ ಹೊತ್ತಿಗೆ ಅವಳ ಮುಖ ನೋಡಲು ನನಗೆ ಮನಸ್ಸು ಬರಲಿಲ್ಲ.

ಹೊಸಬಳೇ ಬಾಯಿ ತೆರೆದಳು: "ಮೇಡಂ, ಬೀಗದ ಕೈ ಅಕ್ಕನ ಹತ್ರಾನೇ ಇರ್ಲಿ ಬಿಡಿ. ನಮ್ಮನೆ ಬೀಗದ ಕೈನೇ ನಾನು ತಿಂಗಳಿಗೊಂದು ಕಳೀತೀನಿ. ನನಗೆ ಗೊತ್ತಿರೋದನ್ನ ಅಕ್ಕನಿಗೆ ಹೇಳ್ಕೊಡ್ತೀನಿ, ಅವರದ್ದನ್ನ ನಾನು ಕಲೀತೀನಿ. ಆ ಮೇಜಿನಡಿ ಮಲಗಿ ತಿಕ್ಕೋದು ನನಗೆಲ್ಲಿ ಬರುತ್ತೆ?"

ಮ್ಯಾನೇಜರಮ್ಮ "ಅದೂ ಸರಿ" ಅಂತ ತಲೆ ಆಡಿಸುವುದರಲ್ಲಿದ್ದರು. ಅಷ್ಟರಲ್ಲಿ ಸಂದಿಯಕ್ಕ ಎದ್ದು ನೀಲಿ ದಾರವನ್ನು ಕೊರಳಿಂದ ತೆಗೆದಳು. ಜಡೆಗೆ ಸಿಕ್ಕಿಕೊಂಡಿತು, ಎಳೆದು ಬಿಡಿಸಿ ಮೇಜಿನ ಮೇಲೆ ಇಟ್ಟಳು. "ತಗೋಮ್ಮಾ," ಅಂದವಳೇ ಸೀದಾ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. ಯಾರೂ ಹೇಳದಿದ್ದರೂ ನನ್ನ ಪಾತ್ರೆ ಎಳೆದುಕೊಂಡು ತೊಳೆಯತೊಡಗಿದಳು.

"ಇಟ್ಕೊಂಡಿದ್ರೆ ಆಗ್ತಿತ್ತಲ್ಲೇ, ಅವಳೇ ಬಿಟ್ಟುಕೊಟ್ಟಳಲ್ಲ," ಅಂದೆ.

"ಅದೇ ಕಣೇ ಉರಿಯೋದು! ಸೋತೆ, ಒಪ್ಕೋತೀನಿ. ಕಣ್ಣು ಚುರುಕು, ಕೈ ಚುರುಕು, ಅದನ್ನೂ ಒಪ್ಕೋತೀನಿ. ಅದರ ಮೇಲೆ ಅವಳು ಒಳ್ಳೆಯವಳೂ ಆಗಬೇಕಾ? ನನಗೆ ಅಂತ ಏನಾದ್ರೂ ಬಿಡಬಾರದಾ?"

ನನಗೆ ನಗು ಬಂತು. ಅವಳಿಗೂ ಬಂತು, ಆದರೆ ಮುಖ ಆಚೆ ತಿರುಗಿಸಿಕೊಂಡಳು.

ಆಮೇಲೆ ಮೂರು ವರ್ಷ ಅವರಿಬ್ಬರೂ ಅದೇ ಕೋಣೆಯಲ್ಲಿ ಕೆಲಸ ಮಾಡಿದರು. ಕೆಲಸದಲ್ಲಿ ಒಬ್ಬರಿಗೊಬ್ಬರು ಹೆಗಲು ಕೊಟ್ಟರು, ಮಾತಿನಲ್ಲಿ ಮಾತ್ರ ಸಂದಿಯಕ್ಕ ಬಿಟ್ಟುಕೊಡಲಿಲ್ಲ. ಹೊಸಬಳು ಮಕ್ಕಳನ್ನು ಶಾಲೆಗೆ ಕಳಿಸಿ ಎಂಟಕ್ಕೆ ಬಂದು ಬೀಗ ತೆಗೆಯುವಳು. ಸಂದಿಯಕ್ಕನೂ ಎಂಟಕ್ಕೆ ಬಂದರೆ ಸಾಕಿತ್ತು. ಅವಳು ಏಳೂವರೆಗೇ ಬಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಿದ್ದಳು. ಮೆಟ್ಟಿಲ ಮೇಲೆ ಕೂರು ಅಂದರೂ ಕೂರುತ್ತಿರಲಿಲ್ಲ. ಹೊಸಬಳು ಬಂದ ಕೂಡಲೇ ಸೊಂಟಕ್ಕೆ ಕೈ ಕೊಟ್ಟು ಕೇಳುವಳು: "ಎಷ್ಟು ಹೊತ್ತೇ ನಿನಗೆ ಕಾಯೋದು?"