ಭಾಲ್ಕಿಯ ಗೋದಾಮಿನಲ್ಲಿ ಅಳದ ಕೂಸುಗಳು

ಭಾಲ್ಕಿಯಲ್ಲಿ ಇನ್ನೂ ನಸುಕು. ಹಳೆಯ ಹತ್ತಿ ಗೋದಾಮಿನ ತುಂಬ ಕೂಸುಗಳು ಮಲಗಿವೆ, ಒಂದೂ ಅಳುತ್ತಿಲ್ಲ. ಕಣ್ಣು ಮಾತ್ರ ತೆರೆದಿವೆ. ನನ್ನನ್ನು ನೋಡುತ್ತಿವೆಯೋ, ನನ್ನ ಹಿಂದೆ ನಿಂತ ಇನ್ಯಾರನ್ನೋ ತಿಳಿಯದೆ, ಪತ್ರಿಕೆಗೆ ಬರೆಯಲು ಬಂದ ನಾನು ಸುಮ್ಮಸುಮ್ಮನೆ ಹಿಂತಿರುಗಿ ನೋಡುತ್ತೇನೆ. ಶಾಲುಬಾಯಿ ಕಂದೀಲು ಹಿಡಿದು ಒಂದೊಂದೇ ಕೌದಿಯೊಳಗೆ ಕೈ ತೂರಿಸಿ ಪಾದ ಮುಟ್ಟುತ್ತಾಳೆ. ತಣ್ಣಗಿದ್ದರೆ ಕೂಸನ್ನು ತಾಯಿಯ ಎದೆಗೆ ಒತ್ತಿ ಇಬ್ಬರಿಗೂ ಸೇರಿಸಿ ಹೊದಿಸುತ್ತಾಳೆ.

"ಅಳೋ ಕೂಸಿನ ಚಿಂತಿ ನನಗಿಲ್ರಿ ಸಾಹೇಬ್ರ. ಸುಮ್ಮನ ಮಲಗಿದ್ದು ಕಂಡ್ರ ಎದಿ ಝಲ್ ಅಂತದ."

ಕಳೆದ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಸಂಸ್ಥಾನಕ್ಕೆ ನುಗ್ಗಿದ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೆ ನಡೆದ ಕೊಲೆಗಳ ನಂತರ, ಗಂಡಸರೇ ಉಳಿಯದ ಮನೆಗಳಿಂದ ಹೆಂಗಸರು ಮಕ್ಕಳನ್ನು ಹೊತ್ತು ಈ ಪರಿಹಾರ ಕೇಂದ್ರಕ್ಕೆ ಬರುತ್ತಿದ್ದಾರೆ. ಶಾಲುಬಾಯಿ ಔರಾದ ಕಡೆಯ ಚಿಂತಾಕಿಯವಳು. ಬೀದರಿನ ದವಾಖಾನೆಯಲ್ಲಿ ಆಯಾ ಆಗಿದ್ದಾಗ ನರ್ಸಮ್ಮ ಕಲಿಸಿದ್ದನ್ನೇ ಇಲ್ಲಿ ಮಾಡುತ್ತಾಳೆ. ಊರಲ್ಲಿ ಅವಳ ಕೈನೀರು ಮುಟ್ಟದವರು ಇಲ್ಲಿ ಅವಳ ಕೈಯ ಚಮಚೆಗೆ ಕಾಯುತ್ತಾರೆ. ನೋಡಿ ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು.

ಮೂಲೆಯಲ್ಲಿ ಭಾತಂಬ್ರಾದ ಹಾಜಿರಾಬೀ ಕೂತಿದ್ದಾಳೆ, ಮಡಿಲಲ್ಲಿ ಎರಡು ವರ್ಷದ ಯೂಸುಫ. ಬಂದ ದಿನ ಆಕೆ ಹಿಗ್ಗಿನಲ್ಲೇ ಹೇಳಿದ್ದಳಂತೆ: "ಕಾಲಿನ ಕರಿದಾರ ಬಿಗಿ ಆಗ್ಯಾದ್ರಿ. ನನ್ನ ಮಗ ಮೈ ತುಂಬಲತ್ಯಾನ." ಆದರೆ ತೋಳಿನ ತಾಯಿತ ಮೊಣಕೈವರೆಗೆ ಜಾರಿತ್ತು. ಶಾಲುಬಾಯಿ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಕುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನಲ್ಲಿ ಉಳಿದಂತೆ.

"ಇದು ಮಾಂಸ ಅಲ್ರಿ ಅಕ್ಕಾ, ನೀರು. ಕೂಸು ಒಳಗ ಒಣಗ್ಯಾದ." ದೃಷ್ಟಿಯ ದಾರ ಕತ್ತರಿಸಬಾರದೆಂದು ಹಾಜಿರಾಬೀ ಹಟ ಹಿಡಿದಾಗ, ಶಾಲುಬಾಯಿ ಗಂಟು ಬಿಚ್ಚಿ ಸಡಿಲವಾಗಿ ಮತ್ತೆ ಕಟ್ಟಿದಳು.

ಔಷಧವೆಂದರೆ ತೆಳು ಹಾಲು, ಸಕ್ಕರೆ. ಚಮಚೆ ಚಮಚೆಯಾಗಿ, ಹಗಲೂ ರಾತ್ರಿ. ಹೊಟ್ಟೆತುಂಬ ಕೊಡುವಂತಿಲ್ಲ; ಹಸಿದು ಸೊರಗಿದ ಮೈ ಒಮ್ಮೆಲೆ ತಾಳದು. ಹೋದ ವಾರ ಒಬ್ಬ ತಾಯಿ ಕರುಳು ತಡೆಯದೆ ಕದ್ದು ರೊಟ್ಟಿ ನೆನೆಸಿ ಉಣ್ಣಿಸಿದಳು. ಬೆಳಗಾಗುವುದರೊಳಗೆ ಕೂಸು ಹೋಯಿತು. ಅದು ಮಲಗಿದ್ದ ಜಾಗದಲ್ಲಿ ಈಗಲೂ ಯಾರೂ ಹಾಸುವುದಿಲ್ಲ.

"ಕೊಂದದ್ದು ತಾಯಿ ಪ್ರೀತೀನ ರಿ," ಎನ್ನುತ್ತಾಳೆ ಶಾಲುಬಾಯಿ. "ಯಾರಿಗಂತ ಬೈಲಿ?"

ಯೂಸುಫನ ತುಟಿಗೆ ಚಮಚೆ ಹಿಡಿಯುತ್ತಾಳೆ. ಅರ್ಧ ಒಳಗೆ, ಅರ್ಧ ಗಲ್ಲದ ಮೇಲೆ. ಚಮಚೆ ಹಿಂದೆಳೆದಾಗ ತುಟಿಗಳು ಅದರ ಬೆನ್ನು ಹತ್ತುತ್ತವೆ. ಇಬ್ಬರು ಹೆಂಗಸರೂ ಮುಂದಕ್ಕೆ ಬಾಗುತ್ತಾರೆ.

ಆಗ ಹಾಜಿರಾಬೀ ಸೆರಗಿನ ಗಂಟು ಬಿಚ್ಚಿ ಒಣಗಿದ ರೊಟ್ಟಿಯ ತುಣುಕು ಮುಂದೆ ಚಾಚುತ್ತಾಳೆ. "ತಗೊಂಡ್ಬಿಡ್ರಿ ಬಾಯಿ. ನಿನ್ನೆಯಿಂದ ಕೈ ತಡೀಲಾಕ ಆಗವಲ್ದು."

ಶಾಲುಬಾಯಿ ಬೈಯುವುದಿಲ್ಲ. "ಅವ ಅತ್ತು ಬೇಡಿದ ದಿನ ಬಿಸಿ ರೊಟ್ಟಿ ನಾನೇ ಬಡೀತೇನಿ. ನಿಮ್ಮ ಕೈಲೆ ತಿನಸ್ರಿ."

ನಿನಗೇನು ಬೇಕು ಎಂದು ಶಾಲುಬಾಯಿಯನ್ನು ಕೇಳುತ್ತೇನೆ. ಚಮಚೆ ಒರೆಸುತ್ತ ಮಲಗಿದ ಕೂಸುಗಳತ್ತ ನೋಡುತ್ತಾಳೆ.

"ಇವು ದೊಡ್ಡವಾಗಿ ಓಣ್ಯಾಗ ನನ್ನ ಮುಂದ ಹಾದು ಹೋಗ್ಬೇಕ್ರಿ. ಈ ಗೋದಾಮು ನೆನಪಿರಬಾರದು, ನನ್ನ ಗುರ್ತು ಒಂದಕ್ಕೂ ಹತ್ತಬಾರದು."