ಭಾವ ಬಡಿದು ನೋಡಿದ ಗೋಡೆ

ದುಬೈಯಲ್ಲಿ ಸ್ವಂತ ಫ್ಲ್ಯಾಟ್ ಕೊಂಡ ವರ್ಷ, ಕೀಲಿ ಪಡೆಯುವ ಮುಂಚೆ ಮನೆಯನ್ನು ಯಾರಿಂದ ಪರೀಕ್ಷೆ ಮಾಡಿಸುವುದು ಎಂಬುದರ ಬಗ್ಗೆ ನನಗೂ ಹೆಂಡತಿಗೂ ವಾರವಿಡೀ ಜಟಾಪಟಿ ನಡೆಯಿತು. ಆ ಕೆಲಸಕ್ಕೆಂದೇ ಕಂಪನಿಗಳಿದ್ದವು. ಕೆಲವರು ಬಾಗಿಲು, ಟೈಲ್ಸು, ಪೇಂಟು ನೋಡಿ ಪಟ್ಟಿ ಕೊಡುವವರು. ಕೆಲವರು ಯಂತ್ರ ಹಿಡಿದು ಗೋಡೆಯೊಳಗಿನ ತೇವವನ್ನೂ ಪತ್ತೆ ಮಾಡುವವರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. "ಸ್ಕ್ಯಾನ್ ಮಾಡದೆ ಯಾರಾದ್ರೂ ಆಪರೇಷನ್ ಮಾಡ್ತಾರಾ? ಯಂತ್ರದವರನ್ನೇ ಕರೆಸುವಾ" ಎಂದಳು.

ನನಗೆ ಅದು ಸರಿಬರಲಿಲ್ಲ. ಅವಳ ಅಣ್ಣ ಅಬುಧಾಬಿಯಿಂದಾಚೆ ರುವೈಸ್‌ನ ತೈಲ ರಿಫೈನರಿಯಲ್ಲಿ ಇಪ್ಪತ್ತು ವರ್ಷದಿಂದ ಇಂಜಿನಿಯರ್. ಊರಿನವರಿಗೆಲ್ಲ ಏನೇ ಕೆಟ್ಟರೂ ಅವರೇ ವೈದ್ಯರು. ಮನೆಯಲ್ಲೇ ಅಂಥವರಿರುವಾಗ ಹೊರಗಿನವರನ್ನು ಕರೆಸಿದರೆ ಅವರಿಗೆ ಬೇಸರವಾಗದೇ ಎಂದು ನಾನು ಹಟ ಹಿಡಿದೆ. ಕೊನೆಗೆ ಅವಳೇ ಸೋತಳು.

ಭಾವ ಒಂದು ಶುಕ್ರವಾರ ನಸುಕಿಗೇ ಹೊರಟು, ಮರುಭೂಮಿಯುದ್ದಕ್ಕೂ ಕಾರು ಓಡಿಸಿಕೊಂಡು ಬಂದರು. ಹೆಂಡತಿ ಡ್ಯೂಟಿಯಲ್ಲಿದ್ದಳು. ಅವರು ಪ್ಯಾಂಟು ಮಡಚಿ, ಟಾರ್ಚು ಹಿಡಿದು ಸಿಂಕಿನ ಕೆಳಗೆಲ್ಲ ತೂರಿದರು. ಬಾತ್‌ರೂಮಿಗೆ ತಾಗಿದ ಮಲಗುವ ಕೋಣೆಯ ಗೋಡೆಯನ್ನು ಬೆರಳಿನಿಂದ ಬಡಿದು, ಕಿವಿಯಿಟ್ಟು ನಿಂತರು.

"ಈ ಗೋಡೆ ಯಾಕೋ ಸರಿ ಕಾಣ್ತಿಲ್ಲ ಮಾರಾಯ. ನನ್ನದು ಕಾರ್ಖಾನೆಯ ಪೈಪಿನ ವಿದ್ಯೆ, ಮನೆಯದ್ದು ಅಷ್ಟು ಗೊತ್ತಾಗುದಿಲ್ಲ. ಯಂತ್ರದವರನ್ನು ಒಮ್ಮೆ ಕರೆಸು."

"ಆಯ್ತು ಭಾವ, ಕರೆಸುವಾ" ಎಂದೆ.

ಕರೆಸಲಿಲ್ಲ. ಯಂತ್ರದವರಿಗೆ ಬಿಡುವಿದ್ದದ್ದು ಎರಡು ವಾರ ಕಳೆದ ಮೇಲೆ. ನಮ್ಮಲ್ಲಿ ಪಾದ್ರಿಯವರು ಬಂದು ಮನೆಯನ್ನು ಆಶೀರ್ವದಿಸದೆ ವಾಸ ಶುರು ಮಾಡುವುದಿಲ್ಲ, ಅವರು ಒಪ್ಪಿದ್ದು ಮುಂದಿನ ಶುಕ್ರವಾರಕ್ಕೆ. ಬರ್ ದುಬೈಯಲ್ಲಿ ಪರದೆ ಹೊಲಿಸಿಯಾಗಿತ್ತು, ಜೆಬೆಲ್ ಅಲಿಯ ನನ್ನ ಆಫೀಸಿನವರಿಗೆಲ್ಲ ಊಟಕ್ಕೆ ಹೇಳಿಯೂ ಆಗಿತ್ತು. ಸಂಜೆ ಹೆಂಡತಿ ಕೇಳಿದಾಗ, "ನಿನ್ನ ಅಣ್ಣ ನೋಡಿದ್ದಾರೆ, ಎಲ್ಲ ಓಕೆ. ಖಲಾಸ್" ಎಂದೆ. ಮರುದಿನವೇ ಸಹಿ ಹಾಕಿ ಕೀಲಿ ತಂದೆ.

ಬೇಸಿಗೆ ಬರುವಷ್ಟರಲ್ಲಿ ಆ ಗೋಡೆ ಊದಿಕೊಂಡಿತು. ಕಪಾಟಿನ ಹಿಂದೆ ಕಪ್ಪು ಬೂಷ್ಟು. ಆ ಕೋಣೆಯಲ್ಲಿ ಮಲಗುತ್ತಿದ್ದ ಮಗಳಿಗೆ ಕೆಮ್ಮು ಹಿಡಿದು, "ಐ ಕಾಂಟ್ ಸ್ಲೀಪ್ ದೇರ್, ಪಪ್ಪಾ" ಎಂದು ಹಾಲ್‌ಗೆ ಬಂದು ಮಲಗತೊಡಗಿದಳು. ಆ ದಿನಗಳಲ್ಲೇ ಒಮ್ಮೆ ಸಂಬಂಧಿಕರೆಲ್ಲ ಊಟಕ್ಕೆ ಬಂದಾಗ, ಯಾರೋ ಗೋಡೆ ಕಂಡು, "ತೆಗೊಳ್ಳುವ ಮುಂಚೆ ನೋಡ್ಲಿಲ್ವಾ?" ಎಂದು ಕೇಳಿಬಿಟ್ಟರು. ಭಾವ ನನ್ನೆದುರೇ ಊಟ ಮಾಡುತ್ತಿದ್ದರು. ನನಗೆ ಮುಖ ಉಳಿಸಿಕೊಳ್ಳುವ ಅವಸರ.

"ಭಾವನೇ ನೋಡಿದ್ದು" ಎಂದೆ.

ಅವರು ಒಮ್ಮೆ ನನ್ನ ಮುಖ ನೋಡಿದರು. ಒಂದೇ ಮಾತಿನಲ್ಲಿ ನನ್ನ ಮಾನ ಹರಾಜು ಹಾಕಬಹುದಿತ್ತು. ತಂಗಿಯ ಗಂಡನಲ್ಲವೇ ಎಂದುಕೊಂಡರೋ ಏನೋ, ತಟ್ಟೆಯಲ್ಲಿ ಬೆರಳಾಡಿಸುತ್ತ, "ಹೌದು, ನಾನು ಇನ್ನೂ ಸರಿಯಾಗಿ ನೋಡ್ಬೇಕಿತ್ತು" ಎಂದರು. ಹೆಂಡತಿ ಎಲ್ಲರೆದುರೇ, "ಎಂತ ಇಂಜಿನಿಯರ್ ಅಣ್ಣಾ ನೀನು?" ಎಂದು ಕಣ್ಣೀರು ಹಾಕಿದಳು. ಅಂದು ಉಂಡ ಅನ್ನ ನನಗೆ ಇಂದಿಗೂ ಜೀರ್ಣವಾಗಿಲ್ಲ.

ಗೋಡೆ ಒಡೆಸಿ ಪೈಪು ಬದಲಿಸಿದೆವು, ಮಗಳ ಕೆಮ್ಮೂ ವಾಸಿಯಾಯಿತು. ಭಾವನ ಶುಕ್ರವಾರದ ಭೇಟಿಗಳು ಮಾತ್ರ ಕಡಿಮೆಯಾಗುತ್ತ ಬಂದು ನಿಂತವು. ಡ್ಯೂಟಿ ಉಂಟು ಅನ್ನುತ್ತಿದ್ದರು. ನಿಜ ಹೇಳಿಬಿಡಬೇಕೆಂದು ಎಷ್ಟು ಸಲ ಹೆಂಡತಿಯೆದುರು ಕೂತೆನೋ. ಪ್ರತಿ ಸಲವೂ ಬೇರೇನೋ ಮಾತಾಡಿ ಎದ್ದೆ. ನಾನು ಹೇಡಿ, ಬೇರೆ ಶಬ್ದವಿಲ್ಲ.

ವರ್ಷಗಳ ಮೇಲೆ ಹೆಂಡತಿಯ ಆಸ್ಪತ್ರೆಯ ಜೊತೆಗಾತಿಯೊಬ್ಬಳು ಅಬುಧಾಬಿಯಲ್ಲಿ ಮನೆ ಕೊಳ್ಳಲು ಹೊರಟು, ಸಲಹೆ ಕೇಳಿ ಫೋನ್ ಮಾಡಿದಳು. "ಯಂತ್ರದವರನ್ನೇ ಕರಿ, ಸಂಬಂಧಿಕರನ್ನು ನಂಬಬೇಡ. ನನ್ನ ಸ್ವಂತ ಅಣ್ಣ ನೋಡಿ ಓಕೆ ಅಂದ ಮನೆ ನಮ್ಮದು" ಎಂದ ಹೆಂಡತಿ, ಪಕ್ಕದಲ್ಲೇ ಕೂತಿದ್ದ ನನ್ನತ್ತ ತಿರುಗಿ, "ಅಲ್ವಾ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.