ಅತ್ತಿಗೆ ಮಾಡಿಸಿದ ವೆಬ್‌ಸೈಟು

ಕೊಳಾಯಿ ರಿಪೇರಿಯ ಆ ಕಚೇರಿಯಲ್ಲಿ ಫೋನ್ ಎತ್ತುವ ಹೆಂಗಸನ್ನು ಮಾಲೀಕನಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಆಕೆ ಅತ್ತಿಗೆಯಾಗಿದ್ದದ್ದು ಮಾಲೀಕನೊಬ್ಬನಿಗೆ ಮಾತ್ರ. ಆಕೆಯ ಗಂಡ, ಅಂದರೆ ಮಾಲೀಕನ ಅಣ್ಣ, ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪು ಬಿಗಿಯುತ್ತಿದ್ದ. ತಮ್ಮನಾದ ಮಾಲೀಕ ತಿರುಗುವ ಕುರ್ಚಿಯಲ್ಲಿ ಕೂತು ವ್ಯಾಪಾರ ಬಿಗಿಯುತ್ತಿದ್ದ. ಅಣ್ಣತಮ್ಮಂದಿರ ನಡುವೆ ಕೆಲಸ ಹೀಗೆ ಸರಿಸಮನಾಗಿ ಹಂಚಿಕೆಯಾಗಿತ್ತು.

ಅತ್ತಿಗೆ ಹತ್ತೊಂಬತ್ತು ವರ್ಷ ಆ ಫೋನ್ ಎತ್ತಿದಳು. ಅಲ್ಲಿಗೆ ಕರೆ ಮಾಡುವವರು ಯಾರೂ ನಮಸ್ಕಾರ ಹೇಳುವ ಸ್ಥಿತಿಯಲ್ಲಿರುತ್ತಿರಲಿಲ್ಲ. "ನೀರು! ಅಯ್ಯೋ, ನೀರು!" ಎಂದೇ ಮಾತು ಶುರುವಾಗುತ್ತಿತ್ತು. "ಮೊದಲು ಒಂದ್ಸಲ ಉಸಿರು ಬಿಡಿ. ಮೇನ್ ವಾಲ್ವ್ ಎಲ್ಲಿದೆ ಗೊತ್ತಾ? ಮೆಟ್ಟಿಲ ಕೆಳಗೆ ನೋಡಿ, ಇಲ್ಲಾಂದ್ರೆ ಮೀಟರ್ ಪಕ್ಕ. ಬಲಕ್ಕೆ ತಿರುಗಿಸಿ" ಎನ್ನುತ್ತಿದ್ದಳು ಅತ್ತಿಗೆ. ಅರ್ಧದಷ್ಟು ಪ್ರವಾಹಗಳು ಫೋನಿನಲ್ಲೇ ಇಳಿದುಹೋಗುತ್ತಿದ್ದವು. ಜನ ಏನೇನು ಕೇಳುತ್ತಾರೆ ಎಂಬುದನ್ನೆಲ್ಲ ಒಂದು ರಟ್ಟಿನ ಪುಸ್ತಕದಲ್ಲಿ ಗೀಚಿಡುವುದು ಆಕೆಯ ಚಟ. ಯಾಕೆ ಎಂದು ಕೇಳಿದರೆ, "ಸುಮ್ನೆ ಕೂತಿರಕ್ಕಾಗಲ್ಲ, ಅದಕ್ಕೆ" ಎನ್ನುತ್ತಿದ್ದಳು.

ಇಂಥ ಹಳೇ ಕಾಲದ ರೀತಿಯಲ್ಲಿ ಕಂಪನಿ ಮುಂದೆ ಬರುವುದಿಲ್ಲ ಎಂಬ ಜ್ಞಾನೋದಯ ಮೈದುನನಿಗೆ ಆದದ್ದು ವ್ಯಾಪಾರಿಗಳ ಸಂಘದ ಒಂದು ಸಭೆಯಲ್ಲಿ. ಅಲ್ಲಿ ಎಲ್ಲರಿಗೂ ವೆಬ್‌ಸೈಟು ಇತ್ತು, ಇವನಿಗೊಬ್ಬನಿಗೆ ಇರಲಿಲ್ಲ. ಮರುವಾರವೇ ಕಚೇರಿಗೆ ಕಪ್ಪು ಅಂಗಿಯ ವಿನ್ಯಾಸಕಾರನೊಬ್ಬ ಬಂದ. ಬಂದವನು ಕೊಳಾಯಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಾಲೀಕನ ಬಾಲ್ಯದ ಬಗ್ಗೆ ಎರಡು ಗಂಟೆ ಕೇಳಿದ. ಅಷ್ಟೊಂದು ಆಸಕ್ತಿಯಿಂದ ತನ್ನ ಬಾಲ್ಯವನ್ನು ಯಾರೂ ಕೇಳಿರದಿದ್ದ ಮೈದುನ ಅಲ್ಲೇ ಕರಗಿ ನೀರಾದ.

"ಮೊದಲನೇ ಪುಟದಲ್ಲೇ ಫೋನ್ ನಂಬರ್ ದೊಡ್ಡದಾಗಿ ಹಾಕಿಬಿಡಿ," ಎಂದಳು ಅತ್ತಿಗೆ, ಯಾರೂ ಕೇಳದೆಯೇ.

ವಿನ್ಯಾಸಕಾರನ ಮುಖ ಸಪ್ಪಗಾಯಿತು. "ಹಾಗೆ ಮಾಡಿದ್ರೆ ಕರಪತ್ರ ಆಗೋಗುತ್ತೆ ಮೇಡಂ. ನಾವು ಮಾರ್ತಿರೋದು ರಿಪೇರಿ ಅಲ್ಲ, ಅನುಭವ."

"ಪೈಪ್ ಒಡೆದವರಿಗೆ ಅನುಭವ ಆಗ್ಲೇ ಆಗಿರುತ್ತಲ್ಲಪ್ಪಾ."

"ಅತ್ತಿಗೆ, ಇದೆಲ್ಲ ನಿಮಗೆ ಅರ್ಥ ಆಗಲ್ಲ, ಬಿಡಿ," ಎಂದ ಮೈದುನ.

ಎರಡು ತಿಂಗಳಿಗೆ ಅನುಭವ ಸಿದ್ಧವಾಯಿತು. ತೆರೆದರೆ ಮೊದಲು ಕತ್ತಲು. ಕತ್ತಲಲ್ಲಿ ಒಂದು ಹನಿ ತೊಟ್ಟಿಕ್ಕುವ ಸದ್ದು. ಆಮೇಲೆ ಕೆರೆಯ ದಂಡೆಯ ಮೇಲೆ ಕೋಟು ತೊಟ್ಟು ನಡೆದುಬರುವ ಮೈದುನ, ತಾನು ಮಗುವಾಗಿದ್ದಾಗಲೇ ನೀರು ತನ್ನನ್ನು ಕರೆದದ್ದನ್ನು ಒಂದು ನಿಮಿಷ ನಲವತ್ತು ಸೆಕೆಂಡು ಹೇಳುತ್ತಿದ್ದ. ಬೇಡವೆಂದು ಮುಂದೆ ಹೋಗಲು ಗುಂಡಿ ಇರಲಿಲ್ಲ. ಬೇಡ ಎನ್ನುವವರು ಯಾರಿರುತ್ತಾರೆ? ನಂತರ ಬಿಳಿಯ ಮೇಲೆ ತಿಳಿಬೂದು ಬಣ್ಣದ ಅಕ್ಷರಗಳು, ಓದುವವರ ಕಣ್ಣಿಗೆ ತೊಂದರೆ ಕೊಡಬಾರದೆಂಬಂತೆ ಆದಷ್ಟು ಕಾಣಿಸದೆ ನಿಂತಿದ್ದವು. ಉಳಿದ ಪುಟಗಳಿಗೆ ಹೋಗಬೇಕಾದರೆ ಮೂಲೆಯ ಹನಿಯನ್ನು ಒತ್ತಬೇಕಿತ್ತು. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಬರೆದರೆ ಮಜಾ ಹೋಗುತ್ತದಂತೆ. ಜೊತೆಗೆ ಕಚೇರಿಯ ಹಳೇ ನಂಬರ್ ತೆಗೆಸಿ, ನೆನಪಿಟ್ಟುಕೊಳ್ಳಲು ಬಹಳ ಸುಲಭವಾದ ಹೊಸ ನಂಬರ್ ಹಾಕಿಸಿದರು. ಅದನ್ನು ವೆಬ್‌ಸೈಟಿನಲ್ಲಿ ಮಾತ್ರ ಎಲ್ಲೂ ಹಾಕಲಿಲ್ಲ.

ಫೋನ್ ಸುಮ್ಮನಾಯಿತು. ಊರಿನ ಪೈಪುಗಳೆಲ್ಲ ತಾವಾಗಿಯೇ ಗಟ್ಟಿಯಾಗಿವೆ ಎಂದು ಮೈದುನ ತೀರ್ಮಾನಿಸಿದ. ಫೋನೇ ಬರದ ಮೇಲೆ ಎತ್ತುವವರೇಕೆ ಎಂದು ಅತ್ತಿಗೆಗೆ ಗೋದಾಮಿನ ಮೂಲೆಯಲ್ಲಿ ವಾಷರುಗಳನ್ನು ಅಳತೆ ಪ್ರಕಾರ ಬೇರೆ ಮಾಡುವ ಗೌರವದ ಹುದ್ದೆ ಕೊಟ್ಟ. ಆಕೆ ರಟ್ಟಿನ ಪುಸ್ತಕ ಎತ್ತಿಕೊಂಡು ಹೋಗಿ ಕೂತಳು. ಆ ದಿನ ಮಧ್ಯಾಹ್ನ ಗಂಡನ ಜೊತೆ ಡಬ್ಬಿ ಬಿಚ್ಚಿದಾಗ ತನ್ನ ಪಾಲಿನ ಅನ್ನವನ್ನೂ ಅವನ ಕಡೆಗೇ ಸರಿಸಿದಳು.

"ನಾನು ಹೋಗಿ ಅವನ ಹತ್ರ ಮಾತಾಡ್ಲಾ?" ಎಂದು ಗಂಡ ಕೇಳಿದ.

"ಬೇಡ. ನೀವು ಹೇಳಿದ್ರೆ ನಾನೇ ಹೇಳಿಕೊಟ್ಟೆ ಅಂತಾನೆ. ಸುಮ್ನೆ ಊಟ ಮಾಡಿ."

ಆರನೇ ವಾರದ ಒಂದು ಬೆಳಿಗ್ಗೆ ಮೈದುನನ ಮನೆಯ ಬಚ್ಚಲಲ್ಲಿ ಪೈಪು ಒಡೆಯಿತು. ಹೆಂಡತಿ ತವರಿಗೆ ಹೋಗಿದ್ದಳು. ಕೊಳಾಯಿ ಕಂಪನಿಯ ಮಾಲೀಕನಿಗೆ ತನ್ನ ಮನೆಯ ವಾಲ್ವ್ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಒಡೆದ ಕಡೆ ಎರಡೂ ಕೈಯಲ್ಲಿ ಅದುಮಿ ಹಿಡಿಯಲು ಹೋದಾಗ ಅಂಗಿಯ ಜೇಬಿನ ಫೋನು ಜಾರಿ ಬಕೆಟ್ಟಿಗೆ ಬಿತ್ತು. ಅಣ್ಣನ ನಂಬರ್ ಅದರೊಳಗೆ ಅಣ್ಣ ಎಂಬ ಹೆಸರಿನಲ್ಲಿತ್ತು, ಅವನ ತಲೆಯೊಳಗೆ ಇರಲಿಲ್ಲ. ಕಚೇರಿಯ ಹೊಸ ನಂಬರ್ ಬಗ್ಗೆ ನೆನಪಿದ್ದದ್ದು ಒಂದೇ: ಅದು ಬಹಳ ಸುಲಭ.

ಒದ್ದೆ ಲುಂಗಿಯಲ್ಲೇ ಓಡಿಹೋಗಿ ಪಕ್ಕದ ಮನೆಯ ಟೈಲರಮ್ಮನ ಫೋನ್ ಇಸಿದುಕೊಂಡು ತನ್ನದೇ ವೆಬ್‌ಸೈಟು ತೆರೆದ. ಕತ್ತಲು. ಹನಿ. ಕೆರೆಯ ದಂಡೆಯ ಮೇಲೆ ಕೋಟು ತೊಟ್ಟು ಅವನೇ ನಡೆದುಬಂದ.

"ಇದು ನೀವೇ ಅಲ್ವಾ?" ಎಂದಳು ಟೈಲರಮ್ಮ, ಭುಜದ ಮೇಲಿನಿಂದ ಇಣುಕಿ. "ಚೆನ್ನಾಗಿ ಕಾಣಿಸ್ತೀರ."

"ಮುಗೀಲಿ ತಡೀರಮ್ಮ, ಮುಗೀಲಿ!"

ಮುಗಿಯಿತು. ಹನಿಯನ್ನು ಹುಡುಕಿ ಒತ್ತುವಷ್ಟರಲ್ಲಿ ಅವನ ಮನೆಯ ನೀರು ಹೊಸ್ತಿಲು ದಾಟಿತ್ತು. ಸಂಪರ್ಕದ ಪುಟದಲ್ಲಿ ನಂಬರ್ ಬದಲು ಹನ್ನೊಂದು ಖಾನೆಗಳ ಅರ್ಜಿ. ಒಂಬತ್ತನೆಯದು: "ನೀರಿನೊಂದಿಗೆ ನಿಮ್ಮ ಸಂಬಂಧವನ್ನು ವಿವರಿಸಿ. ಕನಿಷ್ಠ ಇಪ್ಪತ್ತು ಅಕ್ಷರ." ಅವನು ಒದ್ದೆ ಬೆರಳಿನಲ್ಲಿ "ಅತ್ತಿಗೆ ಅಣ್ಣನ್ನ ಕಳಿಸಿ ನೀರು ಅತ್ತಿಗೆ ಅಣ್ಣನ್ನ ಕಳಿಸಿ ನೀರು ನೀರು" ಎಂದು ಬರೆದು, ತಾನು ಯಂತ್ರವಲ್ಲ ಎಂದು ರುಜುವಾತು ಮಾಡಲು ಬಸ್ಸುಗಳಿರುವ ಚಿತ್ರಗಳನ್ನು ಆರಿಸಿ, ಕಳುಹಿಸಿದ. ಉತ್ತರ ತಕ್ಷಣ ಬಂತು: "ಧನ್ಯವಾದ. ಮೂರು ಕೆಲಸದ ದಿನಗಳಲ್ಲಿ ನಿಮ್ಮನ್ನು ಸಂಪರ್ಕಿಸುತ್ತೇವೆ."

ಟೈಲರಮ್ಮ ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೋಗಿ, ಮೆಟ್ಟಿಲ ಕೆಳಗಿನ ವಾಲ್ವನ್ನು ಬಲಕ್ಕೆ ತಿರುಗಿಸಿ ಬಂದಿದ್ದಳು. "ಹಿಂದೊಂದ್ಸಲ ನಿಮ್ಮ ಆಫೀಸಿನ ಹೆಂಗಸು ಫೋನಲ್ಲಿ ಹೇಳ್ಕೊಟ್ಟಿದ್ರು," ಎಂದಳು.

ಆ ಅರ್ಜಿ ನೇರವಾಗಿ ಹೋದದ್ದು ವಿನ್ಯಾಸಕಾರನಿಗೆ. ಮೂರನೇ ದಿನ ಅವನು ಕಳಿಸಿದ ವರದಿಯಲ್ಲಿ, ಗ್ರಾಹಕರು ವೆಬ್‌ಸೈಟಿಗೆ ಭಾವುಕವಾಗಿ ಸ್ಪಂದಿಸುತ್ತಿದ್ದಾರೆ, ಕೆಲವರಂತೂ ಕವಿತೆ ಬರೆಯುತ್ತಿದ್ದಾರೆ ಎಂಬ ಸಂತೋಷದ ಸುದ್ದಿ ಇತ್ತು.

ವರದಿ ಓದಿದ ಮೈದುನ ಗೋದಾಮಿಗೆ ಬಂದು ವಾಷರುಗಳ ಡಬ್ಬಿಯ ಪಕ್ಕ ನಿಂತ. ಕ್ಷಮೆ ಕೇಳುವ ಅಭ್ಯಾಸ ಇರಲಿಲ್ಲವಾದ್ದರಿಂದ ಒಂದು ವಾಷರ್ ಕೈಗೆತ್ತಿಕೊಂಡು ನೋಡಿದ.

"ಅತ್ತಿಗೆ, ಆ ವೆಬ್‌ಸೈಟಲ್ಲಿ ಏನೇನು ಇರಬೇಕಿತ್ತು ಅಂದ್ರಿ?"

"ನನಗೆ ಅದೆಲ್ಲ ಅರ್ಥ ಆಗಲ್ವಲ್ಲಪ್ಪಾ."

"ಅತ್ತಿಗೆ..."

"ಸರಿ. ಫೋನ್ ನನ್ನ ಮೇಜಿಗೆ ವಾಪಸ್ ಬರಬೇಕು, ಹಳೇ ನಂಬರ್ ಸಮೇತ. ಆ ಪುಟದಲ್ಲಿ ಒಂದು ಚುಕ್ಕೆ ಬದಲಾಯಿಸಬೇಕಾದ್ರೂ ನನ್ನ ಕೇಳಬೇಕು. ಆಗುತ್ತಾ?"

ಆಗದೆ ಏನು!

ಆಕೆ ಹೋದದ್ದು ವಿಸಿಟಿಂಗ್ ಕಾರ್ಡು ಅಚ್ಚುಹಾಕುವ ಅಂಗಡಿಗೆ. ಅದರ ಒಡತಿ ಬಿಡುವಿನಲ್ಲಿ ವೆಬ್‌ಸೈಟನ್ನೂ ಮಾಡಿಕೊಡುತ್ತಿದ್ದಳು. ಅತ್ತಿಗೆ ಆಕೆಯ ಮುಂದೆ ರಟ್ಟಿನ ಪುಸ್ತಕ ಬಿಚ್ಚಿದಳು. ಹತ್ತೊಂಬತ್ತು ವರ್ಷದಲ್ಲಿ ಜನ ಹೆಚ್ಚಾಗಿ ಕೇಳಿದ್ದು ನಾಲ್ಕೇ: ನೀರು ನಿಲ್ಲಿಸೋದು ಹೇಗೆ, ನಮ್ಮ ಬೀದಿಗೆ ಬರ್ತೀರಾ, ಎಷ್ಟು ಹೊತ್ತಿಗೆ, ಎಷ್ಟಾಗುತ್ತೆ. ಮೊದಲ ಪುಟದಲ್ಲಿ ಅವಿಷ್ಟೇ, ಅದೇ ಸಾಲಾಗಿ. ನೆತ್ತಿಯ ಮೇಲೆ ನಂಬರ್. ಅದನ್ನು ಒತ್ತಿದರೆ ಸಾಕು, ಕರೆ ಹೋಗುತ್ತಿತ್ತು. ಕೆಳಗೆ ವಾಲ್ವಿನ ಚಿತ್ರ.

ಒಡತಿ ಚೆಂದವಾಗಿದೆ ಎಂದಳು. ಅತ್ತಿಗೆಗೆ ಚೆಂದದಲ್ಲಿ ನಂಬಿಕೆ ಹೋಗಿತ್ತು. ಟೈಲರಮ್ಮನನ್ನು ಕರೆಸಿ, ಕನ್ನಡಕ ತೆಗೆಸಿ, ಕೈ ಒದ್ದೆ ಮಾಡಿಸಿ, "ನಿಮ್ಮನೆ ಪೈಪ್ ಒಡೆದಿದೆ ಅಂದ್ಕೊಳ್ಳಿ" ಎಂದು ಫೋನ್ ಕೊಟ್ಟಳು. ಟೈಲರಮ್ಮ ನಂಬರನ್ನು ನೋಡಲೇ ಇಲ್ಲ. ವಾಲ್ವಿನ ಚಿತ್ರವನ್ನೇ ಮೂರು ಸಲ ಒತ್ತಿ, "ಕೆಟ್ಟೋಗಿದೆ ಕಣ್ರೀ ಇದು" ಎಂದಳು.

"ಅವರು ಚಿತ್ರ ಒತ್ತಬಾರದು," ಎಂದಳು ಒಡತಿ.

"ಒತ್ತಿದ್ರಲ್ಲ. ಅದನ್ನ ಒತ್ತಿದ್ರೂ ನನಗೇ ಫೋನ್ ಬರೋ ಹಾಗೆ ಮಾಡು, ತಾಯಿ."

ಹಾಗೇ ಆಯಿತು. ಮೈದುನನ ಕೆರೆ ದಂಡೆಯ ಪ್ರಸಂಗವನ್ನು ಅತ್ತಿಗೆ ಕಿತ್ತು ಹಾಕಲಿಲ್ಲ. ಪುಟದ ತೀರ ಕೆಳಗೆ "ನಮ್ಮ ಬಗ್ಗೆ" ಎಂಬ ಪದದ ಹಿಂದೆ ಮರ್ಯಾದೆಯಿಂದ ಇರಿಸಿದಳು. ಮೊದಲ ತಿಂಗಳು ಅದನ್ನು ಜನ ನೋಡಿದ್ದು ನಾಲ್ಕು ಸಲ, ಅದರಲ್ಲಿ ಮೂರು ಸಲ ಅವನ ಹೆಂಡತಿಯ ಫೋನಿನಿಂದ. ಕಚೇರಿಯ ಫೋನಂತೂ ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು.

ಆ ವರ್ಷ ವ್ಯಾಪಾರಿಗಳ ಸಂಘದವರು ಮೈದುನನನ್ನು ಗ್ರಾಹಕಸ್ನೇಹಿ ವೆಬ್‌ಸೈಟಿನ ಬಗ್ಗೆ ಮಾತಾಡಲು ಕರೆದರು. ಗ್ರಾಹಕನ ಕಷ್ಟ ತಿಳಿಯಬೇಕಾದರೆ ಗ್ರಾಹಕನಾಗಿಯೇ ನೋಡಬೇಕು, ತಾನು ಅದಕ್ಕಾಗಿಯೇ ಒಮ್ಮೆ ಸ್ವತಃ ಪ್ರಯೋಗ ಮಾಡಿದ್ದೆ ಎಂದು ಅವನು ಎದೆಯುಬ್ಬಿಸಿ ಹೇಳಿದ. ಜೋರು ಚಪ್ಪಾಳೆ. ಹಿಂದಿನ ಸಾಲಿನಲ್ಲಿದ್ದ ಅತ್ತಿಗೆಯೂ ತಟ್ಟಿದಳು. ಆಕೆಯ ಗಂಡ ನಿದ್ದೆ ಮಾಡುತ್ತಿದ್ದ.

ಕಾಫಿಯ ಹೊತ್ತಿಗೆ ದಪ್ಪ ಮೀಸೆಯವನೊಬ್ಬ ಆಕೆಯ ಬಳಿ ಬಂದು ಮೆಲ್ಲಗೆ ಫೋನ್ ಚಾಚಿದ.

"ಅಕ್ಕಾ, ಅದನ್ನ ಮಾಡಿಸಿದ್ದು ನೀವಂತೆ, ಕಾರ್ಡಿನ ಅಂಗಡಿಯವರು ಹೇಳಿದ್ರು. ನಮ್ಮದೂ ಒಂಚೂರು ನೋಡ್ತೀರಾ?"

ಅತ್ತಿಗೆ ನೋಡಿದಳು. ಸೂರ್ಯೋದಯ ಇತ್ತು, ಹಕ್ಕಿಗಳಿದ್ದವು, ನಂಬಿಕೆಯ ಬಗ್ಗೆ ನಾಲ್ಕು ಸಾಲು ಇತ್ತು.

"ನಿಮ್ಮದು ಏನು ವ್ಯಾಪಾರ?"

"ಬೀಗ, ಅಕ್ಕಾ."

"ಅದನ್ನ ಇದರಲ್ಲಿ ಎಲ್ಲಿ ಬರೆದಿದ್ದೀರಿ, ತೋರಿಸಿ."

ಅವನು ಫೋನ್ ವಾಪಸು ತೆಗೆದುಕೊಂಡು, ಕಾಫಿ ಲೋಟ ಕಿಟಕಿಯ ಮೇಲಿಟ್ಟು, ಮೇಲಿನಿಂದ ಕೆಳಕ್ಕೆ ಹುಡುಕತೊಡಗಿದ.